ಮಂಗಳೂರಿನ ಅಳಿವೆಯಲ್ಲಿ ಉರಿದ ಹಡಗುಗಳು

ತಂಗಡಗಿಯ ನೀಲಾಂಬಿಕೆಯ ಗುಡಿಯ ಬಳಿ ಕೃಷ್ಣೆಯ ದಂಡೆಯ ಮೇಲೆ ನಿಂತವರಿಗೆ ಕಡಲು ಬಹು ದೂರದ ಮಾತು. ಹರಿಗೋಲಿನಲ್ಲಿ ಹೊಳೆ ದಾಟಿದ್ದೇ ನಮ್ಮ ಹಿರಿಯರ ನೌಕಾಯಾನ! ಕನ್ನಡ ನಾಡಿಗೆ ಉದ್ದನೆಯ ಕರಾವಳಿಯಿದ್ದರೂ, ನಮ್ಮ ಚರಿತ್ರೆಯ ಪಾಠಗಳಲ್ಲಿ ಆನೆ ಕುದುರೆಗಳು ಕಂಡಷ್ಟು ಹಡಗುಗಳು ಕಾಣುವುದಿಲ್ಲ. ಆದುದರಿಂದಲೇ ಸರ್ ಎಡ್ವರ್ಡ್ ಹ್ಯೂಸ್ ಎಂಬ ಹೆಸರು ನಮ್ಮಲ್ಲಿ ಬಹು ಮಂದಿಗೆ ಅಪರಿಚಿತ. ಹೈದರಾಲಿಯ ಕಡಲಿನ ಕನಸನ್ನು ಸುಟ್ಟು ಬೂದಿ ಮಾಡಿದವನು ಅವನು.

ಹ್ಯೂಸ್ 1735ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಬ್ರಿಟಿಷ್ ನೌಕಾದಳವನ್ನು ಸೇರಿದನು. ಪೋರ್ಟೊ ಬೆಲ್ಲೊ, ಲೂಯಿಸ್‌ಬರ್ಗ್, ಕ್ವಿಬೆಕ್ ಮೊದಲಾದ ದೂರದೂರದ ಕದನಗಳಲ್ಲಿ ಪಳಗಿದನು. 1773ರಲ್ಲಿ ಪೂರ್ವದೇಶಗಳ ನೌಕಾಬಲದ ಒಡೆಯನಾಗಿ ಇತ್ತ ಬಂದನು. ಮಧ್ಯೆ ಸ್ವದೇಶಕ್ಕೆ ಮರಳಿ, ಅಡ್ಮಿರಲ್ ದರ್ಜೆಗೇರಿ, ಅದೇ ಅಧಿಕಾರದಲ್ಲಿ ಎರಡನೆಯ ಬಾರಿ ಬಂದಾಗಲೇ ಅವನ ಜೀವಮಾನದ ದೊಡ್ಡ ಪರೀಕ್ಷೆ ಕಾದಿದ್ದಿತು.

1763ರಲ್ಲಿ ಬಿದನೂರನ್ನು ಗೆದ್ದ ಹೈದರನಿಗೆ ಮಂಗಳೂರು, ಹೊನ್ನಾವರಗಳ ಬಂದರುಗಳು ದಕ್ಕಿದ್ದವು. ಕುದುರೆಯ ಮೇಲೆಯೇ ಬಾಳಿದ ಆ ದಂಡನಾಯಕನು ಹಡಗಿನ ಮಹತ್ವವನ್ನು ಅರಿತದ್ದು ಸಾಮಾನ್ಯ ಸಂಗತಿಯಲ್ಲ. 1768ರಲ್ಲಿ ಮುಂಬಯಿಯ ಇಂಗ್ಲಿಷರು ಮಂಗಳೂರಿನ ಮೇಲೆ ಬಿದ್ದಾಗ ಅವನ ಹಲವು ಹಡಗುಗಳು ಕೈತಪ್ಪಿದವು. ಊರನ್ನು ಕೆಲವೇ ತಿಂಗಳಲ್ಲಿ ಮರಳಿ ಪಡೆದು, ಮತ್ತೆ ಹಡಗು ಕಟ್ಟಿಸತೊಡಗಿದನು.

1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಬಯಲಿನಲ್ಲಿ ಇಂಗ್ಲಿಷರು ನುಚ್ಚುನೂರಾದರು. ಮದರಾಸೇ ನಡುಗಿತು. ಆದರೆ ಅದೇ ಡಿಸೆಂಬರಿನಲ್ಲಿ, ಪಶ್ಚಿಮ ಕರಾವಳಿಯಲ್ಲಿ, ಹ್ಯೂಸನ ಹಡಗುಗಳು ಮಂಗಳೂರಿನೆದುರು ಕಾಣಿಸಿಕೊಂಡವು. ಅಲ್ಲಿ ಹೈದರನ ಬಾವುಟ ಹೊತ್ತ ಹಡಗುಗಳು ಲಂಗರು ಹಾಕಿದ್ದವು. ಅಳಿವೆಯ ಮರಳದಿಬ್ಬದ ಬಳಿ ನೀರು ಆಳವಿಲ್ಲ. 74 ಫಿರಂಗಿಗಳ ‘ಸೂಪರ್ಬ್’ನಂಥ ದೈತ್ಯನೌಕೆ ಅಲ್ಲಿಗೆ ಸುಳಿಯಲಾರದು. ಹ್ಯೂಸನು ದೋಣಿಗಳಲ್ಲಿ ತನ್ನವರನ್ನು ಕಳುಹಿದನು. ದಡದಿಂದ ಗುಂಡುಗಳು ಸುರಿಯುತ್ತಿದ್ದಂತೆಯೇ ಅವರು ಹಡಗುಗಳನ್ನೇರಿ ಬೆಂಕಿಯಿಟ್ಟರು. ಇಂಗ್ಲಿಷರಲ್ಲಿಯೂ ಸತ್ತವರುಂಟು, ಗಾಯಗೊಂಡವರುಂಟು. ಆದರೆ ಹೈದರನ ವರ್ಷಗಳ ದುಡಿಮೆ ಹೊಗೆಯಾಗಿ ಹೋಯಿತು.

ಹ್ಯೂಸನನ್ನು ಮಹಾವೀರನೆನ್ನಲು ನನಗೆ ಮನಸ್ಸೊಪ್ಪದು. ಲಂಗರು ಹಾಕಿ ನಿಂತ ಹಡಗುಗಳನ್ನು ಸುಡುವುದು ಬೇರೆ, ಸರಿಸಮಾನನೊಡನೆ ಕಾದುವುದು ಬೇರೆ. ಆ ಸರಿಸಮಾನನು 1782ರಲ್ಲಿ ಬಂದನು: ಫ್ರೆಂಚರ ಸಫ್ರೆನ್. ಸದ್ರಾಸ್, ಪ್ರಾವಿಡಿಯೆನ್, ನಾಗಪಟ್ಟಣ, ತಿರುಕೋಣಮಲೆ, ಕಡಲೂರು ಹೀಗೆ ಹದಿನಾರು ತಿಂಗಳಲ್ಲಿ ಐದು ಕದನಗಳು. ಒಬ್ಬರೂ ಸೋಲಲಿಲ್ಲ, ಒಬ್ಬರೂ ಗೆಲ್ಲಲಿಲ್ಲ. ಯುಕ್ತಿಯಲ್ಲಿ ಸಫ್ರೆನನೇ ಮೇಲು; ಹ್ಯೂಸನದು ಜಗ್ಗದ ಹಟ. ಕೊನೆಯ ಕದನದಲ್ಲಿ ಅವನ ಬಳಿ 18 ಯುದ್ಧನೌಕೆಗಳು, ಎದುರಾಳಿಯ ಬಳಿ 15. ಆದರೂ ಸ್ಕರ್ವಿ ರೋಗದಿಂದ ನರಳುವ ನಾವಿಕರನ್ನು ಕಟ್ಟಿಕೊಂಡು ಅವನು ಮದರಾಸಿಗೆ ಹಿಂದೆಗೆಯಬೇಕಾಯಿತು. ಸಂಧಿಯಾದ ಸುದ್ದಿ ಬಂದುದರಿಂದ ಆರನೆಯ ಕದನ ತಪ್ಪಿತು.

ಆ ವೇಳೆಗೆ ಹೈದರನು ಇರಲಿಲ್ಲ. 1782ರ ಜುಲೈನಲ್ಲಿ ಕಡಲೂರಿನ ಬಳಿ ಸಫ್ರೆನನನ್ನು ಆದರದಿಂದ ಕಂಡಿದ್ದ ಅವನು ಡಿಸೆಂಬರ್ 7ರಂದು ತೀರಿಕೊಂಡನು. ನೆಲದ ಮೇಲೆ ಇಂಗ್ಲಿಷರನ್ನು ಹಾಳುಗೆಡವಬಹುದು, ಕಡಲನ್ನು ಮಾತ್ರ ಬತ್ತಿಸಲಾಗದೆಂದು ಅವನು ಕೊನೆಗಾಲದಲ್ಲಿ ಕೊರಗಿದನೆಂದು ಚರಿತ್ರಕಾರ ವಿಲ್ಕ್ಸ್ ಬರೆದಿದ್ದಾನೆ.

‘ಸೂಪರ್ಬ್’ ಹಡಗಿಗೂ ನಮ್ಮ ಪಡುಗಡಲೇ ಗೋರಿಯಾಯಿತು. ಐದೂ ಕದನಗಳನ್ನು ಉಳಿದು ಬಂದ ಅದು 1783ರ ನವೆಂಬರಿನಲ್ಲಿ ತಲಚೇರಿಯ ಬಳಿ ಒಡೆದು ಮುಳುಗಿತು. ಅದರ ಒಡೆಯನು ಮಾತ್ರ ಅಪಾರ ಸಂಪತ್ತಿನೊಡನೆ ಸ್ವದೇಶಕ್ಕೆ ಮರಳಿ, ಪ್ರಸಿದ್ಧ ಚಿತ್ರಕಾರ ರೆನಾಲ್ಡ್ಸನಿಂದ ತನ್ನ ಸ್ಥೂಲಕಾಯದ ಚಿತ್ರ ಬರೆಸಿಕೊಂಡು, 1794ರ ಜನವರಿಯಲ್ಲಿ ಎಸೆಕ್ಸಿನ ತನ್ನ ಮನೆಯಲ್ಲಿ ಮಡಿದನು.

ಎರಡು ವರ್ಷಗಳ ತರುವಾಯ ಟಿಪ್ಪು ಸುಲ್ತಾನನು 40 ಹಡಗುಗಳ ನೌಕಾಬಲವನ್ನು ಕಟ್ಟಲು ಅಪ್ಪಣೆ ಹೊರಡಿಸಿದನು. ಹಡಗುಕಟ್ಟೆಗಳ ಪೈಕಿ ಒಂದು ಮಂಗಳೂರಿನಲ್ಲಿಯೇ. ಆ ಕೆಲಸ ಮುಗಿಯುವ ಮುನ್ನವೇ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿದ್ದಿತು.