ಬೀದಿನಾಯಿಗಳ ಸಂತಾನನಿಯಂತ್ರಣ: ಊರು ಕೂಡಿ ಮಾಡಬೇಕಾದ ಕಾರ್ಯ

ಮನುಷ್ಯನ ಆಶ್ರಯಕ್ಕೆ ಬಂದ ಪ್ರಾಣಿಗಳಲ್ಲಿ ನಾಯಿಯೇ ಮೊದಲನೆಯದೆಂಬುದು ಪ್ರಾಣಿಶಾಸ್ತ್ರಜ್ಞರ ಮತ. ಅಮರಕೋಶಕಾರನು ಅದಕ್ಕೆ ಕೊಟ್ಟಿರುವ ಪರ್ಯಾಯಪದಗಳಲ್ಲಿ ಮೊಟ್ಟಮೊದಲನೆಯದು ‘ಕೌಲೇಯಕ’. ಕುಲವೆಂದರೆ ಮನೆತನ, ಮನೆತನಕ್ಕೆ ಸೇರಿದುದು ಕೌಲೇಯಕ. ನಾಯಿಯೆಂಬ ಅರ್ಥದಲ್ಲಿ ಈ ಶಬ್ದವನ್ನು ಸಾಧಿಸುವುದಕ್ಕೆ ಪಾಣಿನಿಯು ಸೂತ್ರವನ್ನೇ ರಚಿಸಿದ್ದಾನೆಂಬುದನ್ನು ವ್ಯಾಕರಣ ಬಲ್ಲವರು ಅರಿತಿರುತ್ತಾರೆ. ಇಂದು ನಮ್ಮ ಊರುಗಳ ಬೀದಿಗಳಲ್ಲಿ, ಸಂತೆಯ ಬಯಲಿನಲ್ಲಿ, ಬಸ್ ನಿಲ್ದಾಣದಲ್ಲಿ, ಕೆಲವೊಮ್ಮೆ ಶಾಲೆಯ ಅಂಗಳದಲ್ಲಿಯೂ ಕಾಣುವ ನಾಯಿಗಳು ಮನೆಯಿಲ್ಲದ ಕೌಲೇಯಕಗಳು. ಅವುಗಳ ವಿಷಯದಲ್ಲಿ ಊರವರು ಎರಡು ಪಂಗಡವಾಗಿದ್ದಾರೆ. ಕನಿಕರದಿಂದ ಅನ್ನ ಹಾಕುವವರದು ಒಂದು, ಭಯದಿಂದ ಕಲ್ಲೆಸೆಯುವವರದು ಮತ್ತೊಂದು. ಇಬ್ಬರಿಗೂ ಹಿತವಾಗಬಲ್ಲ, ಆದರೆ ಇಬ್ಬರೂ ಸಾಮಾನ್ಯವಾಗಿ ಕೈಹಾಕದ ಕಾರ್ಯವೊಂದಿದೆ. ಅದೇ ಅಲ್ಪವೆಚ್ಚದಲ್ಲಿ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಏರ್ಪಾಡು. ಮಠದ ವಿದ್ಯಾಸಂಸ್ಥೆಯ ಸ್ಮರಣಸಂಪುಟದಲ್ಲಿ ಇಂಥ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಅವರು ದಯವಿಟ್ಟು ಮುಂದೆ ಓದಬೇಕೆಂದು ಪ್ರಾರ್ಥನೆ.

ನಾಯಿಯನ್ನು ಗೌರವಿಸುವುದು ಕನ್ನಡನಾಡಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಹತ್ತನೆಯ ಶತಮಾನದ ಶಾಸನ ವಿದ್ವಾಂಸರಿಗೆಲ್ಲ ಪರಿಚಿತವಾದುದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗನು ಬೇಕಾದುದನ್ನು ಬೇಡೆಂದಾಗ, ಆ ವೀರನು ಬೇಡಿದ್ದು ‘ಕಾಳಿ’ ಎಂಬ ನಾಯಿಯನ್ನು. ಅದು ಮುಂದೆ ದೊಡ್ಡದೊಂದು ಹಂದಿಯೊಡನೆ ಹೋರಾಡಿತು; ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಆ ನಾಯಿಗಾಗಿ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಆ ಕಲ್ಲನ್ನು ಪೂಜಿಸದೆ ಅಲ್ಲಿಯ ಗೊರವನು ಉಣ್ಣಬಾರದೆಂದು ಕಟ್ಟಳೆ ಮಾಡಿದರು. ಶೈವಸ್ಥಾನವೊಂದರಲ್ಲಿ ಒಂದು ನಾಯಿಗೆ ಸಂದ ಮನ್ನಣೆ ಇದು. ಆ ಕಾಲದ ದಾನಿಗಳ ಮುಂದೆ ಇದ್ದುದು ಒಂದು ನಾಯಿ. ನಮ್ಮ ಮುಂದೆ ಇರುವುದು ಲಕ್ಷಗಟ್ಟಲೆ ನಾಯಿಗಳು.

ಈ ಸಂಖ್ಯೆ ಹೇಗೆ ಬೆಳೆಯುತ್ತದೆಂಬುದನ್ನು ನೋಡೋಣ. ಹೆಣ್ಣುನಾಯಿಯು ಸಾಮಾನ್ಯವಾಗಿ ಒಂದು ವರ್ಷ ತುಂಬುವುದರೊಳಗೆ ಬೆದೆಗೆ ಬರುತ್ತದೆ. ಗರ್ಭದ ಅವಧಿ ಸುಮಾರು ೬೩ ದಿನ. ವರ್ಷಕ್ಕೆ ಒಂದು, ಕೆಲವೊಮ್ಮೆ ಎರಡು ಸೂಲು. ಸೂಲಿಗೆ ನಾಲ್ಕೋ ಐದೋ ಆರೋ ಮರಿಗಳು. ಇಷ್ಟೂ ಬದುಕಿದರೆ ಊರಿನಲ್ಲಿ ಕಾಲಿಡಲು ಸ್ಥಳವಿರುತ್ತಿರಲಿಲ್ಲ. ಅವು ಬದುಕುವುದಿಲ್ಲ. ಕೋಲ್ಕತ್ತದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ಸಂಶೋಧಕರು ಪಶ್ಚಿಮ ಬಂಗಾಳದ ಬೀದಿಗಳಲ್ಲಿ ೯೫ ಸೂಲುಗಳ ೩೬೪ ಮರಿಗಳನ್ನು ಗಮನಿಸುತ್ತ ಬಂದು, ತಾವು ಕಂಡುದನ್ನು ೨೦೧೬ರಲ್ಲಿ ಪ್ರಕಟಿಸಿದರು. ನೂರಕ್ಕೆ ಹತ್ತೊಂಬತ್ತು ಮರಿಗಳು ಮಾತ್ರ ಪ್ರಾಯಕ್ಕೆ ಬಂದಿದ್ದವು. ಉಳಿದವುಗಳ ನಾಶದಲ್ಲಿ ನೂರಕ್ಕೆ ೬೩ರಷ್ಟು ಮನುಷ್ಯನಿಂದಲೇ ಒದಗಿದುದು. ನಮ್ಮ ಕಡೆಯೂ ಇದನ್ನು ಕಾಣದವರು ಯಾರು? ಗಂಡುಮರಿಯನ್ನು ಯಾರಾದರೂ ಕೇಳಿ ಒಯ್ಯುತ್ತಾರೆ. ಹೆಣ್ಣುಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಪಕ್ಕದೂರಿನ ಗಡಿಯಲ್ಲಿಯೋ ಕೆರೆಯ ಏರಿಯ ಮೇಲೆಯೋ ದೇವಸ್ಥಾನದ ಹಿಂದೆಯೋ ಬಿಟ್ಟು ಬರುತ್ತಾರೆ. ಕಣ್ಣು ಬಿಡದ ಮರಿಗಳೂ ಆ ಚೀಲದಲ್ಲಿರುತ್ತವೆ. ಹೀಗೆ ಮಾಡುವವರು ಕ್ರೂರಿಗಳೆಂದು ನನಗೆ ತೋರುವುದಿಲ್ಲ. ಅವರಿಗೆ ಬೇರೆ ದಾರಿ ತೋರಿಸಿದವರಿಲ್ಲ.

ಕೊಂದು ಮುಗಿಸುವ ದಾರಿಯನ್ನು ನಮ್ಮ ದೇಶದಲ್ಲಿ ದೀರ್ಘಕಾಲ ಪರೀಕ್ಷಿಸಿಯಾಗಿದೆ. ಮದರಾಸು ನಗರದಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೇ ನಗರಸಭೆಯು ಬೀದಿನಾಯಿಗಳನ್ನು ಹಿಡಿಸಿ ಕೊಲ್ಲಿಸುತ್ತಿತ್ತು. ೧೯೫೯ರಲ್ಲಿ ಅಲ್ಲಿ ಆರಂಭವಾದ ಬ್ಲೂ ಕ್ರಾಸ್ ಸಂಸ್ಥೆಯವರು ಹಳೆಯ ಲೆಕ್ಕಗಳನ್ನು ತೆಗೆಸಿ ನೋಡಿದಾಗ ಒಂದು ವಿಚಿತ್ರ ಕಂಡುಬಂತು: ಕೊಂದ ನಾಯಿಗಳ ಸಂಖ್ಯೆ ದಶಕದಿಂದ ದಶಕಕ್ಕೆ ಏರುತ್ತಲೇ ಹೋಗಿತ್ತು. ಕೊಲೆಯಿಂದ ನಾಯಿಗಳು ಕಡಿಮೆಯಾಗಿದ್ದರೆ ಕೊಲ್ಲಬೇಕಾದವೂ ಕಡಿಮೆಯಾಗಬೇಕಾಗಿತ್ತಲ್ಲವೆ? ಕಾರಣ ಗೂಢವಾದುದೇನೂ ಅಲ್ಲ. ಒಂದು ಬೀದಿಯಲ್ಲಿ ಎಷ್ಟು ಎಂಜಲು ಸಿಕ್ಕುವುದೋ ಅಷ್ಟು ನಾಯಿಗಳು ಅಲ್ಲಿ ಬದುಕುತ್ತವೆ. ಇದ್ದವನ್ನು ತೆಗೆದರೆ ಸ್ಥಳ ತೆರವಾಗುತ್ತದೆ, ಅನ್ನ ಉಳಿಯುತ್ತದೆ. ಪಕ್ಕದ ಬೀದಿಯ ನಾಯಿಗಳು ಬಂದು ನೆಲೆಸುತ್ತವೆ, ಮರಿಗಳು ಹೆಚ್ಚು ಬದುಕುತ್ತವೆ. ಬ್ಲೂ ಕ್ರಾಸಿನವರು ೧೯೬೦ರ ದಶಕದಿಂದಲೇ ಸಂತಾನಹರಣದ ಮಾರ್ಗವನ್ನು ಸೂಚಿಸುತ್ತಿದ್ದರೂ ನಗರಸಭೆ ಅದನ್ನು ಒಪ್ಪಿದ್ದು ೧೯೯೦ರ ದಶಕದ ನಡುವಿನಲ್ಲಿ. ಮೂವತ್ತು ವರ್ಷಗಳು ವಾದದಲ್ಲಿ ಕಳೆದವು.

ಈ ಮಾರ್ಗದ ಕ್ರಮ ಹೀಗಿದೆ. ನಾಯಿಯನ್ನು ಬಲೆಯಿಂದಲೋ ಕೈಯಿಂದಲೋ ಹಿಂಸೆಯಿಲ್ಲದಂತೆ ಹಿಡಿದು ಚಿಕಿತ್ಸಾಲಯಕ್ಕೆ ಒಯ್ಯುತ್ತಾರೆ. ಅರಿವಳಿಕೆ ಕೊಟ್ಟು, ಹೆಣ್ಣಾದರೆ ಅಂಡಾಶಯವನ್ನೂ ಗರ್ಭಕೋಶವನ್ನೂ, ಗಂಡಾದರೆ ವೃಷಣಗಳನ್ನೂ ತೆಗೆಯುತ್ತಾರೆ. ರೇಬೀಸ್ ನಿರೋಧಕ ಲಸಿಕೆಯನ್ನು ಅದೇ ಸಮಯದಲ್ಲಿ ಹಾಕುತ್ತಾರೆ. ಗುರುತಿಗಾಗಿ ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸುತ್ತಾರೆ. ಗಾಯ ಮಾಗುವವರೆಗೆ ಕೆಲವು ದಿನ ಇಟ್ಟುಕೊಂಡು, ಹಿಡಿದ ಸ್ಥಳದಲ್ಲಿಯೇ ಬಿಡುತ್ತಾರೆ. ‘ಬಿಡುವುದಾದರೆ ಹಿಡಿದುದೇಕೆ?’ ಎಂಬ ಪ್ರಶ್ನೆ ಎಲ್ಲ ಊರುಗಳಲ್ಲಿಯೂ ಏಳುತ್ತದೆ. ತನ್ನ ಬೀದಿಗೆ ಹಿಂದಿರುಗಿದ ನಾಯಿ ಹೊರಗಿನ ನಾಯಿಗಳನ್ನು ಒಳಕ್ಕೆ ಬಿಡುವುದಿಲ್ಲ. ತಾನು ಮರಿಹಾಕುವುದೂ ಇಲ್ಲ. ಅದರ ಆಯುಷ್ಯ ತೀರಿದಾಗ ಒಂದು ನಾಯಿ ಕಡಿಮೆಯಾಗುತ್ತದೆ. ಇದು ನಿಧಾನದ ಉಪಾಯವೆಂಬುದನ್ನು ಮುಚ್ಚಿಡಬಾರದು. ಬೆದೆಯ ಕಾಲದ ಕಾದಾಟ, ಮರಿಗಳನ್ನು ಕಾಯುವ ತಾಯಿಯ ಕೋಪ, ಇವು ಮಾತ್ರ ಬೇಗನೆ ಇಳಿಯುತ್ತವೆ. ಮಕ್ಕಳನ್ನು ಅಟ್ಟಿಸಿಕೊಂಡು ಹೋಗುವ ನಾಯಿ ಎಷ್ಟೋ ವೇಳೆ ಹತ್ತಿರದಲ್ಲೆಲ್ಲೋ ಮರಿಗಳನ್ನಿಟ್ಟುಕೊಂಡ ತಾಯಿಯೇ ಆಗಿರುತ್ತದೆ.

ಇದರ ಫಲವನ್ನು ಸರಿಯಾಗಿ ಅಳೆದ ಊರು ಜಯಪುರ. ೧೯೯೪ರ ನವೆಂಬರಿನಿಂದ ೨೦೦೨ರ ಡಿಸೆಂಬರಿನವರೆಗೆ ಅಲ್ಲಿಯ ‘ಹೆಲ್ಪ್ ಇನ್ ಸಫರಿಂಗ್’ ಸಂಸ್ಥೆಯವರು ೨೪,೯೮೬ ನಾಯಿಗಳಿಗೆ ಚಿಕಿತ್ಸೆಯನ್ನೂ ಲಸಿಕೆಯನ್ನೂ ಕೊಟ್ಟರು. ಕಾರ್ಯ ನಡೆದ ಪ್ರದೇಶದಲ್ಲಿ ಹೆಣ್ಣುನಾಯಿಗಳ ಪೈಕಿ ನೂರಕ್ಕೆ ೬೫ಕ್ಕೆ ಚಿಕಿತ್ಸೆಯಾಗಿತ್ತು. ನಾಯಿಗಳ ಸಂಖ್ಯೆ ನೂರಕ್ಕೆ ೨೮ರಷ್ಟು ಇಳಿದಿತ್ತು. ಅದಕ್ಕಿಂತ ಮುಖ್ಯವಾದುದು, ಸರ್ಕಾರಿ ಆಸ್ಪತ್ರೆಯ ಲೆಕ್ಕದಂತೆ ಆ ಪ್ರದೇಶದಲ್ಲಿ ಮನುಷ್ಯರಿಗೆ ರೇಬೀಸ್ ತಗಲುವುದು ಪೂರ್ತಿಯಾಗಿ ನಿಂತಿತು. ಕಾರ್ಯ ನಡೆಯದ ಸುತ್ತಲಿನ ಪ್ರದೇಶಗಳಲ್ಲಿ ಏರಿತು. ನಮ್ಮ ಬೆಂಗಳೂರಿನಲ್ಲಿ ಆಗಿನ ಮಹಾನಗರ ಪಾಲಿಕೆಯು ೨೦೧೯ರಲ್ಲಿ ಎಣಿಸಿದಾಗ ಸುಮಾರು ೩.೧೦ ಲಕ್ಷ, ೨೦೨೩ರಲ್ಲಿ ಎಣಿಸಿದಾಗ ಸುಮಾರು ೨.೭೯ ಲಕ್ಷ ಬೀದಿನಾಯಿಗಳಿದ್ದವು. ಅಷ್ಟರಲ್ಲಿ ಚಿಕಿತ್ಸೆಯಾದವುಗಳ ಪ್ರಮಾಣ ನೂರಕ್ಕೆ ೫೧ರಿಂದ ಸುಮಾರು ೭೨ಕ್ಕೆ ಏರಿತ್ತು.

ಇಲ್ಲಿ ಒಂದು ವಿವೇಚನೆ ಬೇಕು. ರೇಬೀಸನ್ನು ತಡೆಯುವುದು ಲಸಿಕೆಯೇ ಹೊರತು ಶಸ್ತ್ರಚಿಕಿತ್ಸೆಯಲ್ಲ. ನೂರಕ್ಕೆ ಎಪ್ಪತ್ತು ನಾಯಿಗಳಿಗೆ ಲಸಿಕೆಯಾದರೆ ಆ ರೋಗದ ಸರಪಣಿ ಕಡಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮತ. ಆದರೆ ವರ್ಷವರ್ಷವೂ ಹೊಸ ಮರಿಗಳು ಹುಟ್ಟುತ್ತಿದ್ದರೆ ಎಪ್ಪತ್ತರ ಪ್ರಮಾಣ ಹೇಗೆ ನಿಂತೀತು? ಒಂದು ಕಡೆ ನೀರು ತುಂಬುತ್ತ ಮತ್ತೊಂದು ಕಡೆ ತೂತು ಬಿಟ್ಟಂತೆ. ಆದುದರಿಂದ ಎರಡೂ ಕೂಡಿ ನಡೆಯಬೇಕು. ಈ ರೋಗದ ಲಕ್ಷಣಗಳು ತೋರಿದ ಮೇಲೆ ಬದುಕಿಸುವ ಔಷಧವಿಲ್ಲವೆಂದೇ ಹೇಳಬೇಕು. ಬಲಿಯಾಗುವವರಲ್ಲಿ ಮಕ್ಕಳೇ ಬಹಳ. ಬೈದಾರೆಂಬ ಹೆದರಿಕೆಯಿಂದ ಮಗು ಕಚ್ಚಿದ ವಿಷಯವನ್ನು ಮನೆಯಲ್ಲಿ ಹೇಳುವುದಿಲ್ಲ. ಗೀರು ಸಣ್ಣದಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಗಾಯವನ್ನು ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಆ ದಿನವೇ ಆಸ್ಪತ್ರೆಗೆ ಒಯ್ಯಬೇಕೆಂಬುದನ್ನು ಅಧ್ಯಾಪಕ ಬಂಧುಗಳು ಪ್ರತಿ ತರಗತಿಯಲ್ಲಿಯೂ ಹೇಳಬೇಕು.

ಇನ್ನು ವೆಚ್ಚದ ಮಾತು. ಕೆಲವು ವರ್ಷಗಳ ಹಿಂದೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು ಬೀದಿನಾಯಿಯೊಂದಕ್ಕೆ ಹಿಡಿಯುವ ಖರ್ಚೂ ಸೇರಿ ಸೂಚಿಸಿದ ದರ ಸುಮಾರು ೧,೬೫೦ ರೂಪಾಯಿ. ಖಾಸಗಿ ಚಿಕಿತ್ಸಾಲಯದಲ್ಲಿ ಇದಕ್ಕಿಂತ ಬಹಳ ಹೆಚ್ಚಾಗುವುದುಂಟು. ಕೂಲಿಯಿಂದ ಜೀವಿಸುವ ಮನೆಯವರು ಹೊಲ ಕಾಯಲೆಂದು ಒಂದು ಹೆಣ್ಣುನಾಯಿಗೆ ಮುದ್ದೆಯ ತುಣುಕನ್ನೋ ರೊಟ್ಟಿಯ ಚೂರನ್ನೋ ಹಾಕಿ ಸಾಕಿದ್ದಾರೆನ್ನಿ. ಒಂದು ವಾರದ ಕೂಲಿಯನ್ನೂ ಮೀರುವ ಹಣವನ್ನು ಅದರ ಚಿಕಿತ್ಸೆಗೆ ಕೊಡಿರೆಂದರೆ ಅವರು ಏನು ಮಾಡಿಯಾರು? ಕೊಡದಿದ್ದರೆ ಅದು ಹಾಕುವ ಮರಿಗಳು ಊರಿನ ಬೀದಿಗೆ ಬರುತ್ತವೆ. ಅವುಗಳಿಂದಾಗುವ ತೊಂದರೆ ಆ ಮನೆಯೊಂದಕ್ಕೇ ಅಲ್ಲ. ಕಚ್ಚಿಸಿಕೊಂಡವರು ಆಸ್ಪತ್ರೆಗೆ ನಾಲ್ಕೈದು ಬಾರಿ ಅಲೆಯುವುದು, ಅಷ್ಟು ದಿನದ ಕೂಲಿ ತಪ್ಪುವುದು, ಸರ್ಕಾರಕ್ಕೆ ಲಸಿಕೆಯ ಖರ್ಚು, ಕುರಿಕೋಳಿಗಳ ನಷ್ಟ, ಇವೆಲ್ಲ ಊರಿನ ತಲೆಯ ಮೇಲೆ ಬೀಳುತ್ತವೆ. ಲಾಭ ಎಲ್ಲರದಾಗಿ ವೆಚ್ಚ ಒಬ್ಬನದಾದಾಗ ಕೆಲಸ ನಡೆಯುವುದಿಲ್ಲ. ಊರಿನ ಕೆರೆಯ ಹೂಳನ್ನು ಒಬ್ಬ ರೈತನೇ ತೆಗೆಯಲೆಂದು ಯಾರೂ ಹೇಳುವುದಿಲ್ಲವಷ್ಟೆ. ಚಿಕಿತ್ಸೆ ಅಲ್ಪವೆಚ್ಚದ್ದೋ ಉಚಿತವೋ ಆಗಿರಬೇಕೆಂಬ ವಾದದ ತಿರುಳು ಇದೇ.

ಹುಟ್ಟನ್ನು ತಡೆಯುವುದು ಧರ್ಮಬಾಹಿರವಲ್ಲವೆ ಎಂದು ಭಕ್ತಾದಿಗಳಲ್ಲಿ ಹಲವರು ಕೇಳುತ್ತಾರೆ. ಪ್ರಶ್ನೆ ಗೌರವಕ್ಕೆ ಅರ್ಹವಾದುದು. ಕೇಳುವವರ ಮನಸ್ಸು ಮೃದುವಾದುದು. ಆದರೆ ಹೋರಿಗರುವಿನ ಬೀಜ ಒಡೆಸಿ ಎತ್ತು ಮಾಡುವ ಪದ್ಧತಿ ನಮ್ಮ ಒಕ್ಕಲುತನದಷ್ಟೇ ಹಳೆಯದು. ಬಸವನನ್ನು ಪೂಜಿಸುವ ಮನೆಗಳಲ್ಲಿಯೇ ಅದು ನಡೆದು ಬಂದಿದೆ, ಅದೂ ಬಹುಕಾಲ ಅರಿವಳಿಕೆಯಿಲ್ಲದೆ. ನಮ್ಮ ನೇಗಿಲಿಗಾಗಿ ಮಾಡಿದುದು ಅಧರ್ಮವಾಗದೆ, ಆ ಪ್ರಾಣಿಯ ಹಿತಕ್ಕಾಗಿಯೇ ನೋವಿಲ್ಲದಂತೆ ಮಾಡುವುದು ಅಧರ್ಮವಾಗುವುದು ಹೇಗೆ? ಮೇಲೆ ಹೇಳಿದ ಬಂಗಾಳದ ಮರಿಗಳನ್ನೂ ನೆನೆಯಬೇಕು. ಶಸ್ತ್ರಚಿಕಿತ್ಸೆಯಿಂದ ತಪ್ಪುವುದು ನೂರು ಬಾಳುಗಳಲ್ಲ. ಬಹುಪಾಲು ಹಸಿವಿನಲ್ಲಿ, ರೋಗದಲ್ಲಿ, ಗಾಡಿಯ ಚಕ್ರದಡಿ ಮುಗಿಯುವ ಎಂಬತ್ತೊಂದು ಸಾವುಗಳು. ತಾಯಿನಾಯಿಗೂ ಇದು ಉಪಕಾರವೇ. ಸೂಲಿನ ಮೇಲೆ ಸೂಲಾಗಿ ಎಲುಬು ಕಾಣುವ ಶರೀರ ಚೇತರಿಸಿಕೊಳ್ಳುತ್ತದೆ. ಗರ್ಭಕೋಶದ ಕೀವಿನ ರೋಗ ಬರುವುದಿಲ್ಲ. ಕೂಡುವಿಕೆಯಿಂದ ಹರಡುವ, ನಮ್ಮ ಬೀದಿನಾಯಿಗಳಲ್ಲಿ ಬಹಳವಾಗಿ ಕಾಣುವ ಗೆಡ್ಡೆರೋಗ ತಪ್ಪುತ್ತದೆ. ಅನ್ನ ಹಾಕಿ ಸಂಖ್ಯೆಯನ್ನು ಬೆಳೆಸಿ, ಬೆಳೆದುದನ್ನು ವಿಧಿಗೆ ಬಿಡುವ ಕನಿಕರ ಅರ್ಧಕ್ಕೆ ನಿಂತ ಕನಿಕರವೆಂದು ನನ್ನ ಅಭಿಪ್ರಾಯ.

ಕಾನೂನೂ ಇದೇ ದಿಕ್ಕಿನಲ್ಲಿದೆ. ರುಕ್ಮಿಣೀದೇವಿ ಅರುಂಡೇಲರ ಪ್ರಯತ್ನದ ಫಲವಾಗಿ ೧೯೬೦ರಲ್ಲಿ ಪ್ರಾಣಿಹಿಂಸಾ ತಡೆ ಕಾಯಿದೆ ಬಂತು. ೧೯೬೨ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಸ್ಥಾಪನೆಯಾಗಿ ಅವರೇ ಅದರ ಮೊದಲ ಅಧ್ಯಕ್ಷರಾದರು. ನಾಯಿಗಳ ಸಂತಾನನಿಯಂತ್ರಣದ ನಿಯಮಗಳು ೨೦೦೧ರಲ್ಲಿ ಹೊರಟವು. ಅವುಗಳ ಸ್ಥಾನದಲ್ಲಿ ೨೦೨೩ರಲ್ಲಿ ಹೊಸ ನಿಯಮಗಳು ಬಂದವು. ಬೀದಿನಾಯಿಗಳ ಹೊಣೆ ಸ್ಥಳೀಯ ಸಂಸ್ಥೆಗಳದು, ಸಾಕಿದ ನಾಯಿಯ ಹೊಣೆ ಒಡೆಯನದು. ಬೀದಿನಾಯಿಗಳ ಕಾರ್ಯವನ್ನು ಮಂಡಳಿಯ ಮನ್ನಣೆ ಪಡೆದ ಸಂಸ್ಥೆಗಳೇ ನಡೆಸಬೇಕು. ಉತ್ಸಾಹವಿದೆಯೆಂದು ಯಾರೋ ಶಿಬಿರ ಹೂಡುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು ೨೦೨೫ರ ಆಗಸ್ಟ್ ೨೨ರಂದು, ರೋಗ ತಗಲಿದ ಮತ್ತು ಆಕ್ರಮಣಶೀಲವಾದ ನಾಯಿಗಳ ಹೊರತು ಉಳಿದವನ್ನು ಚಿಕಿತ್ಸೆ ಮತ್ತು ಲಸಿಕೆಯ ನಂತರ ಹಿಡಿದಲ್ಲಿಯೇ ಬಿಡಬೇಕೆಂದಿತು. ಅದೇ ವರ್ಷದ ನವೆಂಬರ್ ೭ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ನಿಲ್ದಾಣಗಳ ಆವರಣದ ನಾಯಿಗಳನ್ನು ಮಾತ್ರ ಆಶ್ರಯತಾಣಗಳಿಗೆ ಸಾಗಿಸಿ, ಮತ್ತೆ ಅಲ್ಲಿ ಬಿಡಬಾರದೆಂದು ವಿಧಿಸಿತು. ವಿದ್ಯಾಸಂಸ್ಥೆಗಳವರು ಇದನ್ನು ತಿಳಿದಿರಬೇಕು. ಆದರೆ ಕಾಂಪೌಂಡಿನ ಹೊರಗೆ ಮರಿಗಳು ಹುಟ್ಟುತ್ತಲೇ ಇದ್ದರೆ ಗೋಡೆ ಎಷ್ಟು ದಿನ ತಡೆದೀತು?

ನಮ್ಮಂಥ ಸಂಸ್ಥೆಗಳಿಗೆ ಇನ್ನೊಂದು ವಿಶೇಷ ಸಂಬಂಧವಿದೆ. ನೂರಾರು ಮಕ್ಕಳು ಉಣ್ಣುವ ಪ್ರಸಾದನಿಲಯವಿದ್ದಲ್ಲಿ ನಾಯಿಗಳು ಸೇರುವುದು ಸಹಜ. ಪ್ರಸಾದವನ್ನು ಚೆಲ್ಲಬಾರದೆಂಬುದು ನಮ್ಮ ಆಚಾರ. ಆದರೂ ಜಾತ್ರೆಯ ದಾಸೋಹದ ಮರುದಿನ ಎಲೆಗಳ ರಾಶಿಯ ಸುತ್ತ ಎಷ್ಟು ನಾಯಿಗಳಿರುತ್ತವೆಂಬುದನ್ನು ಎಣಿಸಿದರೆ ತಿಳಿದೀತು. ಎಂಜಲನ್ನು ಮುಚ್ಚಿದ ಗೊಬ್ಬರದ ಗುಂಡಿಗೆ ಹಾಕುವುದು ಖರ್ಚಿಲ್ಲದ ಮೊದಲ ಕೆಲಸ.

ಹಣದ ಕೆಲಸಕ್ಕೆ ದಾನಿಗಳ ನೆರವು ಬೇಕು. ಕೊಠಡಿ ಕಟ್ಟಿಸುವ ದಾನಿಗೆ ಗೋಡೆಯ ಮೇಲೆ ಹೆಸರುಂಟು. ಹುಟ್ಟದೆ ಹೋದ ಮರಿಗಳಿಗೆ ಶಿಲಾಫಲಕ ಹಾಕಲಾಗುವುದಿಲ್ಲವೆಂಬುದೇ ಈ ದಾನದ ಕಷ್ಟ. ಮೇಲಿನ ದರದಲ್ಲಿ ೧೬,೫೦೦ ರೂಪಾಯಿಗೆ ಹತ್ತು ನಾಯಿಗಳ ಚಿಕಿತ್ಸೆಯಾಗುತ್ತದೆ. ಸಾಕಿದ ಹೆಣ್ಣುನಾಯಿಗಳಿಂದ ಆರಂಭಿಸಿದರೆ ಹಿಡಿಯುವ ತೊಡಕೂ ಇಲ್ಲ, ಮನ್ನಣೆಯ ತೊಡಕೂ ಇಲ್ಲ. ಒಡೆಯನೇ ಪಶುಚಿಕಿತ್ಸಾಲಯಕ್ಕೆ ಕರೆತರಬಹುದು. ಔಷಧ, ಹೊಲಿಗೆಯ ಸಾಮಗ್ರಿ, ಕರೆತಂದವರ ಒಂದು ದಿನದ ಕೂಲಿ, ಇಷ್ಟನ್ನು ನಿಧಿಯಿಂದ ಕೊಟ್ಟರೆ ಸಾಕು. ಬೀದಿಯ ನಾಯಿಗಳಿಗಾಗಿ ಗ್ರಾಮಪಂಚಾಯಿತಿಗೆ ಮನವಿ ಸಲ್ಲಿಸಿ, ಮನ್ನಣೆ ಪಡೆದ ಸಂಸ್ಥೆಯನ್ನು ಕರೆಸಿಕೊಳ್ಳಬೇಕು. ಹಳೆಯ ವಿದ್ಯಾರ್ಥಿಗಳಲ್ಲಿ ಪಶುವೈದ್ಯರಾಗಿರುವವರು ಸಲಹೆಯನ್ನಾದರೂ ಕೊಡಬಲ್ಲರು. ನಮ್ಮ ಕಡೆ ನಾಯಿಗಳ ಬೆದೆ ಮಳೆಗಾಲದ ಕೊನೆಗೆ ಹೆಚ್ಚು. ಆದ್ದರಿಂದ ಚಿಕಿತ್ಸೆ ಮಳೆಗಾಲಕ್ಕೆ ಮುಂಚೆಯೇ ಆಗುವುದು ಒಳ್ಳೆಯದು. ಊರಿನ ಯಾವ ಯಾವ ಮನೆಗಳಲ್ಲಿ ಹೆಣ್ಣುನಾಯಿಗಳಿವೆಯೆಂಬ ಪಟ್ಟಿಯನ್ನು ಮೇಲಿನ ತರಗತಿಯ ವಿದ್ಯಾರ್ಥಿಗಳ ಕೈಯಿಂದ ಬೇಸಿಗೆಯ ರಜೆಗೆ ಮೊದಲೇ ಮಾಡಿಸಿಡಬಹುದು.