ಅಡಿಗೆಮನೆಯ ಭರಣಿಗಳು

ಹಳೆಯ ನಾಣ್ಯಗಳನ್ನೂ ಅಂಚೆಚೀಟಿಗಳನ್ನೂ ಕೂಡಿಸುವವರು ಎಲ್ಲ ಊರುಗಳಲ್ಲಿಯೂ ಉಂಟು. ಅವರನ್ನು ಕಂಡು ಯಾರೂ ನಗುವುದಿಲ್ಲ. ಆದರೆ ಉಪ್ಪಿನಕಾಯಿಯ ಭರಣಿಗಳನ್ನು ಕೂಡಿಸುವವನನ್ನು ಕಂಡರೆ ನೆರೆಹೊರೆಯವರು ಮೊದಲು ನಗುವರು, ಆಮೇಲೆ ಅವನ ಮನೆಯಾಕೆಯನ್ನು ನೆನೆದು ಮರುಗುವರು. ಕುಮಟೆಯಲ್ಲಿ ಈ ಎರಡನ್ನೂ ಇಪ್ಪತ್ತು ವರ್ಷಗಳಿಂದ ಅನುಭವಿಸಿದವನು ನಾನು. ಈಗ ನಮ್ಮ ಮನೆಯ ಜಗುಲಿಯಲ್ಲಿಯೂ ಅಟ್ಟದಲ್ಲಿಯೂ ಮಂಚದ ಕೆಳಗೂ ಸೇರಿ ಮೂವತ್ತೊಂದು ಭರಣಿಗಳಿವೆ. ಮೇಲರ್ಧ ಕಂದು, ಕೆಳಗರ್ಧ ಕೆನೆಯ ಬಣ್ಣ, ಕುತ್ತಿಗೆ ಸಣ್ಣದು, ತಲೆಯ ಮೇಲೊಂದು ಮುಚ್ಚಳ. ವಾಚಕರಲ್ಲಿ ಇದನ್ನು ಕಾಣದವರು ವಿರಳವೆಂದು ನಂಬುತ್ತೇನೆ.

ಇವು ನನಗೆ ದೊರೆತ ಬಗೆಯು ಸಂತೋಷದ್ದಲ್ಲ. ಕರಾವಳಿಯ ಹೆದ್ದಾರಿಯನ್ನು ಅಗಲಿಸುವ ಕೆಲಸ ನಡೆದಾಗ ಭಟ್ಕಳದಿಂದ ಕುಮಟೆಯ ತನಕ ದಾರಿಯ ಇಕ್ಕೆಲದ ಅನೇಕ ಹಳೆಯ ಮನೆಗಳು ಬಿದ್ದವು. ತೊಲೆ ಬಾಗಿಲುಗಳಿಗೆ ಬೆಲೆ ಬಂದಿತು, ತಾಮ್ರದ ಹಂಡೆಗಳು ತೂಕಕ್ಕೆ ಹೋದವು. ಭರಣಿಗಳನ್ನು ಮಾತ್ರ ತೂಗುವವರಿಲ್ಲದೆ ಅಂಗಳದ ಮೂಲೆಯಲ್ಲಿ ಬಿಟ್ಟುಹೋದರು. ಗುಜರಿಯವನು ಕೂಡ ಅವುಗಳನ್ನು ಬಾಟಲಿಗಳ ಮೇಲೆ ಕೊಸರಾಗಿ ಕೊಡುತ್ತಿದ್ದನು. ಇಂದು ಅದೇ ಭರಣಿಗಳು ಪಟ್ಟಣಗಳ ವಿಹಾರಗೃಹಗಳ ಬಾಗಿಲಲ್ಲಿ ಹೂವಿನ ಕುಂಡಗಳಾಗಿ ನಿಂತಿವೆ. ಅಲ್ಲಿ ಅವುಗಳಿಗೆ ಸಾವಿರಾರು ರೂಪಾಯಿ ಬೆಲೆಯಂತೆ.

ಭರಣಿ ಎಂಬ ಶಬ್ದದ ವಿಷಯದಲ್ಲಿ ಒಂದು ಮಾತು. 'ಭೃ' ಎಂಬ ಧಾತುವಿಗೆ ಧರಿಸು, ಪೋಷಿಸು ಎಂಬ ಅರ್ಥಗಳಿರುವುದರಿಂದ, ತುಂಬಿಕೊಂಡು ಪೋಷಿಸುವುದೇ ಭರಣಿ ಎಂದು ನಾನು ತರಗತಿಯಲ್ಲಿ ಹಲವು ವರ್ಷ ಧೈರ್ಯವಾಗಿ ಹೇಳಿದ್ದುಂಟು. ಭಟ್ಕಳದ ನವಾಯತರ ಮನೆಯೊಂದಕ್ಕೆ ಭರಣಿ ನೋಡಲು ಹೋದಾಗ ಆ ಮನೆಯ ಯಜಮಾನರು ನನ್ನ ವ್ಯುತ್ಪತ್ತಿಯನ್ನು ಶಾಂತವಾಗಿ ಕೇಳಿ, ಚಹಾ ತರಿಸಿ, ಅರಬ್ಬೀ ಭಾಷೆಯಲ್ಲಿ ಮಣ್ಣಿನ ಜಾಡಿಗೆ 'ಬರ್ನಿಯ್ಯ' ಎನ್ನುವರೆಂದು ತಿಳಿಸಿದರು. ಮರಾಠಿಗರು ಅಲ್ಪಪ್ರಾಣದಿಂದ 'ಬರಣಿ' ಎನ್ನುವುದೂ ಆಗ ನೆನಪಿಗೆ ಬಂದಿತು. ಅಂದಿನಿಂದ ನನ್ನ ಧಾತುವನ್ನು ನಾನು ಹೆಚ್ಚಾಗಿ ಹೊರಗೆ ತೆಗೆಯುವುದಿಲ್ಲ.

ಆ ಯಜಮಾನರೇ ಇಬ್ನ್ ಬತೂತನ ಪ್ರವಾಸಕಥನವನ್ನು ಓದಬೇಕೆಂದರು. ದಿಲ್ಲಿಯ ಸುಲ್ತಾನನ ರಾಯಭಾರಿಯಾಗಿ ಚೀನಕ್ಕೆ ಹೊರಟ ಈತನು 1342ರ ಸುಮಾರಿಗೆ ಹೊನ್ನಾವರದಲ್ಲಿ ತಂಗಿದ್ದನು. ಅಲ್ಲಿಯ ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನು ಅವನು ವರ್ಣಿಸಿರುವ ರೀತಿಯು ನಮ್ಮ ಮನೆಗಳವರಿಗೆ ಪರಿಚಿತವೆನಿಸುವುದು: ಮೊದಲು ಅನ್ನ, ಅದರ ಮೇಲೆ ತುಪ್ಪ, ಬದಿಗೆ ಉಪ್ಪಿನಲ್ಲಿ ಹಾಕಿದ ಎಳೆ ಮೆಣಸಿನ ಗೊಂಚಲು, ಹಸಿ ಶುಂಠಿ, ನಿಂಬೆ, ಮಾವು. ಅದೇ ಗ್ರಂಥದಲ್ಲಿ ಮುಂದೆ ಪೂರ್ವಸಮುದ್ರದ ಕಡೆಯಲ್ಲಿ ಅವನಿಗೆ ದೊಡ್ಡ ದೊಡ್ಡ 'ಮರ್ತಬಾನು'ಗಳಲ್ಲಿ ಉಪ್ಪು ಹಾಕಿದ ಶುಂಠಿ, ಮೆಣಸು, ನಿಂಬೆ, ಮಾವುಗಳನ್ನು ಉಡುಗೊರೆಯಾಗಿ ಕೊಟ್ಟರೆಂದಿದೆ. ಮರ್ತಬಾನ್ ಎಂಬುದು ಇಂದಿನ ಮ್ಯಾನ್ಮಾರಿನ ಒಂದು ಬಂದರು. ಅಲ್ಲಿಂದ ಹಡಗು ಹತ್ತಿದ ಜಾಡಿಗಳಿಗೆ ಊರಿನ ಹೆಸರೇ ಉಳಿಯಿತು. ಉತ್ತರ ಹಿಂದುಸ್ಥಾನದವರು ಉಪ್ಪಿನಕಾಯಿಯ ಜಾಡಿಯನ್ನು ಇಂದಿಗೂ ಹಾಗೆಯೇ ಕರೆಯುವರು.

ಭರಣಿಯ ಯೋಗ್ಯತೆಯು ಅದರ ಮಣ್ಣಿನಲ್ಲಿಯೂ ಬೆಂಕಿಯಲ್ಲಿಯೂ ಇರುವುದು. ಸಾಮಾನ್ಯ ಮಡಕೆಯು ಸಾವಿರ ಡಿಗ್ರಿಗಿಂತ ಕಡಿಮೆ ಶಾಖದಲ್ಲಿ ಬೇಯುವುದು. ಆದುದರಿಂದ ಅದರ ಮೈಯಲ್ಲಿ ನೀರು ಜಿನುಗುವುದು, ಕುಡಿಯುವ ನೀರು ತಣ್ಣಗಿರುವುದು. ಭರಣಿಯ ಮಣ್ಣನ್ನು ಸುಮಾರು 1200 ಡಿಗ್ರಿಯಲ್ಲಿ ಸುಡುವರು. ಆ ಶಾಖದಲ್ಲಿ ಮಣ್ಣಿನ ಕಣಗಳು ಅರೆಕರಗಿ ಗಾಜಿನಂತೆ ಬೆಸೆದುಕೊಳ್ಳುವುದರಿಂದ ಸಾಣಿಕಟ್ಟೆಯ ಹರಳುಪ್ಪಿನ ನೀರಾಗಲಿ ಅಪ್ಪೆಮಿಡಿಯ ಹುಳಿಯಾಗಲಿ ಒಳಗೆ ಇಳಿಯಲಾರದು. ಹಿತ್ತಾಳೆಯಲ್ಲಿ ಹುಳಿ ಇಟ್ಟರೆ ಕಿಲುಬು ಹತ್ತುವುದು, ಕಬ್ಬಿಣವನ್ನು ಉಪ್ಪು ತಿನ್ನುವುದು. ಭರಣಿಗೆ ಈ ಎರಡು ಭಯಗಳೂ ಇಲ್ಲ.

ಇಲ್ಲಿ ಗೃಹಿಣಿಯರಿಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಕಡಿಮೆ ಶಾಖದಲ್ಲಿ ಸುಟ್ಟ ಬಣ್ಣಬಣ್ಣದ ಹಳೆಯ ಪಾತ್ರೆಗಳ ಮೆರುಗಿನಲ್ಲಿ ಸೀಸ ಸೇರಿರುವುದುಂಟು. ಹುಳಿಯು ಅದನ್ನು ಕರಗಿಸಿ ಆಹಾರಕ್ಕೆ ಬೆರೆಸುವುದು. ಮೂಲ ತಿಳಿಯದ ಚಂದದ ಪಾತ್ರೆಯು ಗೂಡಿನಲ್ಲಿಯೇ ಇರಲಿ. ಒಳಮೈಯ ಮೆರುಗು ಬಿರಿದ ಭರಣಿಯೂ ಅಡಿಗೆಗೆ ಬಾರದು.

ನನ್ನ ಹಳೆಯ ಶಿಷ್ಯನೊಬ್ಬನು ಸ್ವೀಡನ್ ದೇಶದಲ್ಲಿ ಉದ್ಯೋಗದಲ್ಲಿದ್ದಾನೆ. ಒಮ್ಮೆ ಊರಿಗೆ ಬಂದಾಗ ಹಸುರು ಎಲೆಗಳ ಚಿತ್ರವಿರುವ ಒಂದು ಚಹಾದ ಬಟ್ಟಲನ್ನು ತಂದುಕೊಟ್ಟನು. ಗುಸ್ತಾವ್ಸ್‌ಬರ್ಗ್ ಎಂಬ ಕಾರ್ಖಾನೆಗಾಗಿ ಸ್ಟಿಗ್ ಲಿಂಡ್‌ಬರ್ಗ್ ಎಂಬ ಕಲಾವಿದನು 1960ರ ಸುಮಾರಿಗೆ ರಚಿಸಿದ ಮಾದರಿಯಿದು. ಒಂದು ಕಾಲದಲ್ಲಿ ಅಲ್ಲಿಯ ಸಾಮಾನ್ಯ ಮನೆಗಳಲ್ಲಿ ಕಾಫಿ ಕುಡಿದ ಬಟ್ಟಲುಗಳನ್ನು ಇಂದು ಜನರು ಹುಡುಕಿ ಕೊಳ್ಳುವರಂತೆ. ಕೊಳ್ಳುವವರು ಮೊದಲು ಬಟ್ಟಲನ್ನು ಬೋರಲು ಹಾಕಿ ತಳ ನೋಡುವರು. ಗುಸ್ತಾವ್ಸ್‌ಬರ್ಗಿನದಾದರೆ ಲಂಗರಿನ ಗುರುತು. 1726ರಲ್ಲಿ ಹುಟ್ಟಿದ ರೋರ್‌ಸ್ಟ್ರಾಂಡಿನದಾದರೆ ಮೂರು ಕಿರೀಟಗಳು. ಆ ದೇಶದವರೂ ಮೊದಲು ಚೀನದ ಪಿಂಗಾಣಿಗೆ ಮರುಳಾದವರೇ. 1731ರಲ್ಲಿ ಅವರೂ ಒಂದು ಈಸ್ಟ್ ಇಂಡಿಯಾ ಕಂಪನಿಯನ್ನು ಕಟ್ಟಿದರು. 1745ರಲ್ಲಿ ಚಹಾ ಪಿಂಗಾಣಿಗಳನ್ನು ಹೇರಿಕೊಂಡು ಚೀನದಿಂದ ಬಂದ ಅವರ ಹಡಗೊಂದು ಸ್ವಂತ ರೇವು ಕಣ್ಣಿಗೆ ಬಿದ್ದ ಮೇಲೆ ಬಂಡೆಗೆ ಬಡಿದು ಮುಳುಗಿತು.

ಶಿಷ್ಯನು ಹೋದ ಮೇಲೆ ನನ್ನ ಮೂವತ್ತೊಂದು ಭರಣಿಗಳನ್ನೂ ಬೋರಲು ಹಾಕಿದೆನು. ನಾಲ್ಕರ ತಳದಲ್ಲಿ ಅಸ್ಪಷ್ಟವಾದ ಮುದ್ರೆಯಿತ್ತು. ಉಳಿದವುಗಳಲ್ಲಿ ಮಣ್ಣಲ್ಲದೆ ಬೇರೇನೂ ಇರಲಿಲ್ಲ. ಬೇಸರವಾಯಿತಾದರೂ ಒಂದು ದಫ್ತರವನ್ನು ಮಾಡಿ ಕ್ರಮಸಂಖ್ಯೆ, ಎತ್ತರ, ಸುತ್ತಳತೆ, ಬಣ್ಣ, ಕೊಟ್ಟ ಹಣ ಇಷ್ಟನ್ನೂ ಬರೆದಿಟ್ಟೆನು.

ಆ ದಫ್ತರದ ಒಂಬತ್ತನೆಯ ಭರಣಿಯು ಹೊನ್ನಾವರದ ಕಡೆಯ ಒಂದು ಮನೆಯದು. ಮನೆ ಕೆಡಹುವ ಹಿಂದಿನ ದಿನ ಅದನ್ನು ಆ ಮನೆಯ ಮುದುಕಿಯಿಂದ ಇನ್ನೂರು ರೂಪಾಯಿಗೆ ಕೊಂಡಿದ್ದೆನು. ಕೇಳಿದ ಬೆಲೆಯನ್ನೇ ಕೊಟ್ಟೆನೆಂಬ ಸಮಾಧಾನವೊಂದಿತ್ತು. ಆಕೆಗೆ ಬೇರೆ ಗಿರಾಕಿಯಿರಲಿಲ್ಲವೆಂಬುದೂ ನನಗೆ ಗೊತ್ತಿತ್ತು. ಮನೆಗೆ ತಂದು, ಒಳಗಿನ ಉಪ್ಪಿನಕಾಯಿಯ ವಾಸನೆ ಹೋಗಲೆಂದು ಕುದಿಯುವ ನೀರು ಹೊಯ್ದೆನು. ಟಿಕ್ ಎಂಬ ಒಂದು ಸದ್ದು. ಕುತ್ತಿಗೆಯಿಂದ ಬುಡದ ತನಕ ಕೂದಲೆಳೆಯಂಥ ಬಿರುಕು. ಶಾಖದಿಂದ ವಸ್ತುಗಳು ಹಿಗ್ಗುವುವೆಂಬ ಪಾಠವನ್ನು ವರ್ಷವರ್ಷವೂ ಹೇಳಿದವನೇ ನಾನು.

ಮರುವರ್ಷದ ಫಾಲ್ಗುಣದಲ್ಲಿ ಆ ತಾಯಿ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. "ಮಾಸ್ತರರೇ, ಮಾರಿದ್ದನ್ನು ಕೇಳಬಾರದು. ಮಿಡಿ ಹಾಕುವಷ್ಟು ದಿನಕ್ಕೆ ಆ ಭರಣಿ ಕೊಡಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿದ್ದು ಮೆತ್ತಗಾಗಿ ಹೋಯಿತು" ಎಂದರು. ನಾನು ಒಂಬತ್ತನೆಯದನ್ನು ತಂದು ಬಿರುಕಿನ ಬದಿಯನ್ನು ಗೋಡೆಗೆ ಮಾಡಿ ಇಟ್ಟೆನು. ಆಕೆ ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿ, ತಿರುಗಿಸಿ ಕೂಡ ನೋಡದೆ, "ಕುದಿನೀರು ಹೊಯ್ದಿರಾ?" ಎಂದರು. ಹೌದೆಂದು ಒಪ್ಪಿಕೊಂಡೆನು. ಆಕೆ ಏನೂ ಅನ್ನಲಿಲ್ಲ. ಸೆರಗಿನಿಂದ ಅದರ ಮುಚ್ಚಳವನ್ನು ಒರೆಸಿ ಮತ್ತೆ ಮುಚ್ಚಿದರು.

ಬೇರೆ ಯಾವುದನ್ನಾದರೂ ಆರಿಸಿಕೊಳ್ಳಿರೆಂದು ಬೇಡಿಕೊಂಡೆನು. ಆಕೆ ಜಗುಲಿಯ ಸಾಲನ್ನೆಲ್ಲ ತಟ್ಟುತ್ತ ಬಂದರು. ಗಂಟೆಯಂತೆ ನಾದ ಬಂದವು ಒಂದು ಕಡೆಗೆ, ಮಂಕಾಗಿ ನುಡಿದವು ಇನ್ನೊಂದು ಕಡೆಗೆ. ನಾನು ಬಹಳ ಹೆಮ್ಮೆಪಡುತ್ತಿದ್ದ ಮುದ್ರೆಯ ಭರಣಿಗಳಲ್ಲಿ ಎರಡು ಮಂಕಿನ ಸಾಲಿಗೆ ಸೇರಿದವು. ಕೊನೆಗೆ ಆರಿಸಿದ್ದು ಹದಿನೇಳನೆಯದನ್ನು. ಬಣ್ಣ ಹರಿದು ಸೊಟ್ಟಗಾದ ಅದನ್ನು ನಾನು ಅಟ್ಟಕ್ಕೆ ಸಾಗಿಸಬೇಕೆಂದಿದ್ದೆನು. ಅದಕ್ಕೆ ನೀರು ತುಂಬಿ, ರಾತ್ರಿಯೆಲ್ಲ ಒಣಹಲಗೆಯ ಮೇಲಿಟ್ಟು, ಬೆಳಿಗ್ಗೆ ಹಲಗೆ ಒಣಗಿಯೇ ಇರುವುದನ್ನು ಕೈಯಿಂದ ಮುಟ್ಟಿ ನೋಡಿದರು. ದಫ್ತರದಲ್ಲಿ ಅದರ ಎತ್ತರವನ್ನು ತೋರಿಸಿದೆನು. "ಐನೂರು ಮಿಡಿಯ ಭರಣಿ ಎಂದು ಬರೆಯಿರಿ" ಎಂದರು.

ಅಂದಿನಿಂದ ದಫ್ತರದಲ್ಲಿ ಮೂರು ಮನೆಗಳು ಹೆಚ್ಚಾಗಿವೆ: ಎಷ್ಟು ಮಿಡಿ ಹಿಡಿಯುವುದು, ಯಾರ ಮನೆಯಲ್ಲಿತ್ತು, ಅಲ್ಲಿ ಏನು ಹಾಕುತ್ತಿದ್ದರು. ಇವನ್ನು ತುಂಬಿಸಲು ಕೊಟ್ಟವರ ಮನೆಗಳಿಗೆ ಮತ್ತೆ ತಿರುಗಬೇಕಾಗಿದೆ. ಹನ್ನೊಂದು ಭರಣಿಗಳಿಗೆ ಉತ್ತರ ದೊರೆತಿದೆ. ಆರರ ವಿಷಯದಲ್ಲಿ ಹೇಳಬಲ್ಲವರು ತೀರಿಕೊಂಡಿದ್ದಾರೆ. ಹದಿನೇಳನೆಯದು ಹಿಂದಕ್ಕೆ ಬಂದಿಲ್ಲ. ಅದರ ಬದಲು ಪ್ರತಿವರ್ಷವೂ ಒಂದು ಸಣ್ಣ ಜಾಡಿಯ ತುಂಬ ಮಿಡಿ ಉಪ್ಪಿನಕಾಯಿ ಬರುತ್ತದೆ. ಈ ಸಲ ಆಕೆ ಸಾವಿರ ಮಿಡಿಯದೊಂದು ಬೇಕೆಂದು ಹೇಳಿಕಳುಹಿಸಿದ್ದಾರೆ. ಅಷ್ಟು ದೊಡ್ಡದು ನನ್ನಲ್ಲಿರುವುದು ಒಂದೇ, ಭಟ್ಕಳದ ಯಜಮಾನರು ಕೊಟ್ಟದ್ದು. ಅವರನ್ನು ಕೇಳದೆ ಕೊಡುವುದು ಸರಿಯಲ್ಲವೆಂದು ಕಾಗದ ಬರೆದಿದ್ದೇನೆ.