ಎದ್ದೇಳು ಮಂಜುನಾಥ (ಚಲನಚಿತ್ರ)

ಎದ್ದೇಳು ಮಂಜುನಾಥ 2009ರಲ್ಲಿ ತೆರೆಕಂಡ ಕನ್ನಡ ಹಾಸ್ಯಪ್ರಧಾನ ಚಲನಚಿತ್ರ. ಗುರುಪ್ರಸಾದ್ ಇದರ ನಿರ್ದೇಶಕರು. ಜಗ್ಗೇಶ್, ಯಜ್ಞಾ ಶೆಟ್ಟಿ ಹಾಗೂ ತಬಲಾ ನಾಣಿ ಮುಖ್ಯ ಪಾತ್ರಗಳಲ್ಲಿ ನಟಿಸಿದ್ದಾರೆ. ಸಂಗೀತ ಅನೂಪ್ ಸೀಳಿನ್ ಅವರದು. ಗುರುಪ್ರಸಾದ್ ಮತ್ತು ಜಗ್ಗೇಶ್ ಜೋಡಿಗೆ ಇದು ‘ಮಠ’ (2006) ಚಿತ್ರದ ನಂತರದ ಎರಡನೆಯ ಚಿತ್ರ.

ಶೀರ್ಷಿಕೆ

ಚಿತ್ರದ ಹೆಸರು ಧರ್ಮಸ್ಥಳದ ಮಂಜುನಾಥಸ್ವಾಮಿಯನ್ನು ಎಬ್ಬಿಸುವ ಸುಪ್ರಭಾತವನ್ನು ನೆನಪಿಸುತ್ತದೆ. ದೇವರನ್ನು ಭಕ್ತಿಯಿಂದ ಎಬ್ಬಿಸುವ ಈ ಮಾತನ್ನು ಇಲ್ಲಿ ಏಳಲು ಮನಸ್ಸಿಲ್ಲದ ಸೋಮಾರಿಯೊಬ್ಬನಿಗೆ ಅನ್ವಯಿಸಲಾಗಿದೆ. ಚಿತ್ರದ ವ್ಯಂಗ್ಯ ಹೆಸರಿನಿಂದಲೇ ಆರಂಭವಾಗುತ್ತದೆ.

ಕಥಾವಸ್ತು

ಮಂಜುನಾಥ ದುಡಿಯದ, ಸುಳ್ಳು ಹೇಳಿ ದಿನ ದೂಡುವ ವ್ಯಕ್ತಿ. ಆತನಿಗೆ ಒಂದು ಕೋಣೆಯಲ್ಲಿ ನಾಣಿ ಎಂಬುವನು ಜೊತೆಯಾಗುತ್ತಾನೆ. ನಾಣಿಗೆ ಕಣ್ಣು ಕಾಣದು. ಆದರೂ ಚಲನಚಿತ್ರ ನಿರ್ದೇಶಿಸಬೇಕೆಂಬುದು ಅವನ ಹಂಬಲ. ಮಂಜುನಾಥ ತನ್ನ ಜೀವನದ ಕಥೆಯನ್ನು ಅವನಿಗೆ ಹೇಳುತ್ತಾ ಹೋಗುತ್ತಾನೆ. ಕಣ್ಣಿದ್ದೂ ಗುರಿಯಿಲ್ಲದವನು ಮತ್ತು ಕಣ್ಣಿಲ್ಲದೆಯೂ ಗುರಿಯುಳ್ಳವನು ಎಂಬ ವೈದೃಶ್ಯ ಇವರಿಬ್ಬರ ಸಂಭಾಷಣೆಗೆ ಆಧಾರವಾಗಿದೆ.

ನಾಯಕ ಪಾತ್ರದ ಸ್ವರೂಪ

ಜನಪ್ರಿಯ ಚಿತ್ರಗಳ ನಾಯಕನಲ್ಲಿ ಪ್ರೇಕ್ಷಕರು ಸಾಮಾನ್ಯವಾಗಿ ನಿರೀಕ್ಷಿಸುವ ಶೌರ್ಯ, ತ್ಯಾಗ, ಕರ್ತವ್ಯನಿಷ್ಠೆ ಮಂಜುನಾಥನಲ್ಲಿಲ್ಲ. ತನ್ನ ಸೋಮಾರಿತನಕ್ಕೆ ಆತ ನಾಚುವುದೂ ಇಲ್ಲ. ಬದಲಿಗೆ ಅದನ್ನು ತರ್ಕಬದ್ಧವಾಗಿ ಸಮರ್ಥಿಸಿಕೊಳ್ಳುತ್ತಾನೆ. ಹಾಸ್ಯ ಹುಟ್ಟುವುದು ಬಿದ್ದು ಏಳುವ ಚೇಷ್ಟೆಗಳಿಗಿಂತ ಹೆಚ್ಚಾಗಿ ಈ ಸಮರ್ಥನೆಯ ಮಾತುಗಳಿಂದ. ಆದರೆ ಅವನ ಬದುಕಿನ ವೆಚ್ಚವನ್ನು ಭರಿಸುವವಳು ಅವನ ಹೆಂಡತಿ. ಆದ್ದರಿಂದ ಪ್ರೇಕ್ಷಕನ ನಗು ಪೂರ್ಣ ನಿರಾಳವಾಗಿ ಉಳಿಯುವುದಿಲ್ಲ: ಮಾತಿಗೆ ಮೆಚ್ಚುಗೆ ಸೂಚಿಸಿದವನು, ಆ ಮಾತಿನ ಹೊರೆ ಹೊತ್ತವರನ್ನೂ ಗಮನಿಸಬೇಕಾಗುತ್ತದೆ. ನಾಯಕನನ್ನು ಆದರ್ಶವಾಗಿಸದೆ, ಖಳನನ್ನಾಗಿಯೂ ಮಾಡದೆ ತೋರಿಸಿರುವುದು ಚಿತ್ರದ ವೈಶಿಷ್ಟ್ಯ.

ಜಗ್ಗೇಶ್ ಮತ್ತು ತುರುವೇಕೆರೆ

1992ರ ‘ಭಂಡ ನನ್ನ ಗಂಡ’ ಹಾಗೂ ಉಪೇಂದ್ರ ನಿರ್ದೇಶನದ ‘ತರ್ಲೆ ನನ್ಮಗ’ ಚಿತ್ರಗಳು ಜಗ್ಗೇಶ್ ಅವರನ್ನು ಹಾಸ್ಯನಾಯಕರನ್ನಾಗಿ ನೆಲೆಗೊಳಿಸಿದ್ದವು. ಭಂಡತನ, ತರಲೆಗಳನ್ನೇ ಶೀರ್ಷಿಕೆಯಾಗಿಸಿಕೊಂಡ ಆ ಪಾತ್ರಗಳ ಮುಂದುವರಿದ, ಹೆಚ್ಚು ಕಹಿಯಾದ ರೂಪವಾಗಿ ಮಂಜುನಾಥನನ್ನು ಗುರುತಿಸಬಹುದು. ತಿಪಟೂರು ಮತ್ತು ಶೆಟ್ಟಿಕೆರೆಯನ್ನೊಳಗೊಂಡ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಂತೆ ತೆಂಗಿಗೆ ಹೆಸರಾದ ತುಮಕೂರು ಜಿಲ್ಲೆಯ ತುರುವೇಕೆರೆಯೊಂದಿಗೆ ಜಗ್ಗೇಶ್ ಅವರಿಗೆ ರಾಜಕೀಯ ನಂಟೂ ಇದೆ. ಚಿತ್ರ ಬಿಡುಗಡೆಯಾಗುವುದಕ್ಕೆ ಹಿಂದಿನ ವರ್ಷ, 2008ರ ವಿಧಾನಸಭಾ ಚುನಾವಣೆಯಲ್ಲಿ, ಅವರು ಕಾಂಗ್ರೆಸ್ ಅಭ್ಯರ್ಥಿಯಾಗಿ ತುರುವೇಕೆರೆ ಕ್ಷೇತ್ರದಿಂದ ಆಯ್ಕೆಯಾಗಿದ್ದರು. ಅದೇ ವರ್ಷ ರಾಜೀನಾಮೆ ನೀಡಿ ಭಾರತೀಯ ಜನತಾ ಪಕ್ಷವನ್ನು ಸೇರಿದರು. 2022ರಲ್ಲಿ ರಾಜ್ಯಸಭೆಗೆ ಆಯ್ಕೆಯಾದರು.

ನಂತರದ ಬೆಳವಣಿಗೆ

ನಾಣಿಯ ಪಾತ್ರವು ತಬಲಾ ನಾಣಿ ಅವರನ್ನು ಹಾಸ್ಯನಟರಾಗಿ ಪ್ರಸಿದ್ಧಿಗೆ ತಂದಿತು. ಗುರುಪ್ರಸಾದ್ ಮುಂದೆ ‘ಡೈರೆಕ್ಟರ್ಸ್ ಸ್ಪೆಷಲ್’ (2013), ‘ಎರಡನೇ ಸಲ’ (2017) ಚಿತ್ರಗಳನ್ನು ನಿರ್ದೇಶಿಸಿದರು. 2024ರ ‘ರಂಗನಾಯಕ’ ಚಿತ್ರದಲ್ಲಿ ಜಗ್ಗೇಶ್ ಅವರೊಂದಿಗೆ ಮತ್ತೆ ಒಂದಾದರು. ಅದೇ ವರ್ಷದ ನವೆಂಬರ್‌ನಲ್ಲಿ ಅವರು ನಿಧನರಾದರು.